ಹುಡುಗಿ ಸಿಗ್ತಿಲ್ವಾ? ಮೊದಲು ನಿಮ್ಮ ಪ್ಲಾನ್ ತೋರಿಸಿ

ಸುಮಾರು ದಿನದಿಂದ ತಲೇಲಿ ಕೊರೀತಿರೋ ವಿಷಯ ಇದು. ಬರೆದ್ರೆ ನೆಂಟರಿಷ್ಟರಲ್ಲಿ ಅರ್ಧ ಜನ ಮಾತು ಬಿಡ್ತಾರೆ ಅಂತ ಸುಮ್ಮನಿದ್ದೆ. ಇನ್ನು ತಡೆಯೋಕಾಗಲ್ಲ, ಬರೆದೇ ಬಿಡ್ತೀನಿ.

ಮದುವೆಮನೆಗೆ ಹೋಗಿ, ಗೃಹಪ್ರವೇಶಕ್ಕೆ ಹೋಗಿ, ವೈಕುಂಠ ಸಮಾರಾಧನೆಗೇ ಬೇಕಾದ್ರೂ ಹೋಗಿ. ಎಲೆಗೆ ಉಪ್ಪು, ಉಪ್ಪಿನಕಾಯಿ ಬೀಳೋದ್ರೊಳಗೆ ಪಕ್ಕದ ಎಲೆಯಿಂದ ಒಂದು ನಿಟ್ಟುಸಿರು ಕೇಳಿಸುತ್ತೆ. "ನಮ್ಮ ಹುಡುಗನಿಗೆ ಮೂವತ್ನಾಲ್ಕು ತುಂಬ್ತು ಕಣ್ರೀ. ಎಲ್ಲಾ ಇದೆ, ಹೆಣ್ಣೇ ಸಿಗ್ತಿಲ್ಲ. ಈಗಿನ ಹುಡ್ಗೀರಿಗೆ ಏನು ಬೇಕೋ ಆ ದೇವರಿಗೇ ಗೊತ್ತು!" ಸುತ್ತಲಿನ ನಾಲ್ಕು ಎಲೆಯವರು ಹೂಂಗುಟ್ತಾರೆ. ಅಲ್ಲಿಗೆ ತೀರ್ಪು ಆಗಿಹೋಯ್ತು. ತಪ್ಪು ಹುಡುಗೀರದ್ದು.

ನನ್ನ ವಾದ ಇಷ್ಟೇ. ಹೆಣ್ಣು ಸಿಗ್ತಿಲ್ಲ ಅನ್ನೋದು ಮುಕ್ಕಾಲು ಸುಳ್ಳು. ಹೆಣ್ಣು ಇದ್ದಾಳೆ. ನೀವು ಅವಳ ಮುಂದೆ ಇಟ್ಟ ಬದುಕಿನ ಪ್ಲಾನನ್ನ ಪೂರ್ತಿ ನೋಡಿ, ಅರ್ಥ ಮಾಡ್ಕೊಂಡು, "ಬೇಡ" ಅಂತಿದ್ದಾಳೆ. ಆ ಬೇಡ ಯಾಕೆ ಅಂತ ಕೇಳೋ ಬದಲು ನಾವು ಅದಕ್ಕೆ ಸೊಕ್ಕು, ದುಡ್ಡಿನಾಸೆ, ಬೆಂಗಳೂರಿನ ಹುಚ್ಚು ಅಂತ ಹೆಸರಿಟ್ಟು ಕೈ ತೊಳ್ಕೊಳ್ತಿದ್ದೀವಿ.

*

ಮೊದಲು ನಮ್ಮ ರಾಜ್ಯದಲ್ಲಿ ಈ ಸಮಸ್ಯೆಗೆ ಏನೇನು ಔಷಧ ಹುಡುಕಿದ್ರು ನೋಡಿ.

2021ರ ಜನವರಿಯಲ್ಲಿ ಕರ್ನಾಟಕ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ಎರಡು ಯೋಜನೆ ಹೇಳ್ತು. ಒಂದು 'ಅರುಂಧತಿ', ಬಡ ವಧುವಿಗೆ 25 ಸಾವಿರ ರೂಪಾಯಿ. ಇನ್ನೊಂದು 'ಮೈತ್ರೇಯಿ', ಅರ್ಚಕ-ಪುರೋಹಿತರನ್ನ ಮದುವೆಯಾಗೋ ಹೆಣ್ಣಿಗೆ 3 ಲಕ್ಷ ರೂಪಾಯಿಯ ಬಾಂಡು. ಹೆಸರಿಟ್ಟಿದ್ದು ಯಾರದ್ದು ನೋಡಿ! ಉಪನಿಷತ್ತಿನ ಮೈತ್ರೇಯಿ ಗಂಡ ಆಸ್ತಿ ಹಂಚ್ತೀನಿ ಅಂದಾಗ, ಇದರಿಂದ ನಾನು ಅಮೃತಳಾಗ್ತೀನಾ ಅಂತ ಕೇಳಿದವಳು. ಅವಳ ಹೆಸರಲ್ಲಿ ಮೂರು ಲಕ್ಷದ ಬಾಂಡು.

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು, ಹೆಚ್ಚಿನವರು ರೈತರ ಮಕ್ಕಳು, ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ್ರು. ಮಾದಪ್ಪ, ಹೆಣ್ಣು ಕೊಡಿಸಪ್ಪಾ ಅಂತ. ಟೀವಿಯವರು 'ಬ್ರಹ್ಮಚಾರಿಗಳ ಪಾದಯಾತ್ರೆ' ಅಂತ ತಮಾಷೆ ಮಾಡಿದ್ರು. ಅದರಲ್ಲಿ ತಮಾಷೆ ಏನೂ ಇರ್ಲಿಲ್ಲ. ಮೂವತ್ತು ದಾಟಿದ ಗಂಡಸು ಊರೆಲ್ಲಾ ನೋಡ್ತಿರುವಾಗ ಹೀಗೆ ರಸ್ತೆಗಿಳೀಬೇಕಾದ್ರೆ ಒಳಗೆ ಎಷ್ಟು ಬೆಂದಿರಬೇಕು ಹೇಳಿ. ಆಮೇಲೆ ಅದೇ ವರ್ಷದ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆ ಪ್ರಚಾರದಲ್ಲಿ, ರೈತರ ಮಕ್ಕಳನ್ನ ಮದುವೆಯಾಗೋ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡ್ತೀವಿ ಅಂತ ಎಚ್.ಡಿ. ಕುಮಾರಸ್ವಾಮಿ ಭರವಸೆ ಕೊಟ್ರು.

ಬಾಂಡು, ಹರಕೆ, ಸಹಾಯಧನ. ಮೂರರಲ್ಲೂ ಒಂದೇ ಲೆಕ್ಕಾಚಾರ ಇದೆ ಗಮನಿಸಿ. ನಮ್ಮ ಬದುಕು ಸರಿಯಾಗೇ ಇದೆ, ಅದರಲ್ಲಿ ಒಂದಿಂಚೂ ಬದಲಾಗೋದು ಬೇಡ, ಬರೋಳಿಗೆ ಒಂಚೂರು ದುಡ್ಡು ಹೆಚ್ಚು ಕೊಟ್ರೆ ಬರ್ತಾಳೆ! ರಸಗೊಬ್ಬರಕ್ಕೆ ಸಬ್ಸಿಡಿ ಕೊಟ್ಟ ಹಾಗೆ ಹೆಂಡತಿಗೂ ಸಬ್ಸಿಡಿ. ಬದುಕು ಹೇಗಿರುತ್ತೆ ಅಂತ ಅವಳು ಕೇಳಿದ್ಲು, ನಾವು ರೇಟು ಹೇಳಿದ್ವಿ.

*

"ಹೆಣ್ಣುಮಕ್ಕಳ ಸಂಖ್ಯೆನೇ ಕಡಿಮೆ ಆಗಿದೆಯಲ್ಲ ಸಾರ್" ಅಂತ ಕೆಲವರು ಹೇಳ್ತಾರೆ. ನಿಜ, ಕಡಿಮೆ ಆಗಿದೆ. ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 1991ರಲ್ಲಿ 960 ಇದ್ರು. 2001ಕ್ಕೆ 946 ಆಯ್ತು. 2011ಕ್ಕೆ 948. 2001ರಲ್ಲಿ ಎಣಿಸಿದ ಆ ಮಕ್ಕಳೇ ಈಗ ಮದುವೆ ವಯಸ್ಸಿನಲ್ಲಿರೋರು. ಯಾಕೆ ಕಡಿಮೆ ಆಯ್ತು ಅಂತ ಕೇಳೋ ಧೈರ್ಯ ಎಷ್ಟು ಜನಕ್ಕಿದೆ? ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲೇ ಕಾಯ್ದೆ ಬಂತು. ಆದ್ರೂ 2023ರ ಕೊನೆಯಲ್ಲಿ, ಪಾದಯಾತ್ರೆ ನಡೆದ ಅದೇ ವರ್ಷ, ಅದೇ ಮಂಡ್ಯ ಜಿಲ್ಲೆಯಲ್ಲಿ, ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಬೇಯಿಸೋ ಜಾಗ ಸ್ವಾಮಿ ಅದು. ಒಂದು ಕಡೆ ಹೆಣ್ಣು ಕೊಡಪ್ಪಾ ಅಂತ ಬೆಟ್ಟ ಹತ್ತೋದು, ಇನ್ನೊಂದು ಕಡೆ ಹೊಟ್ಟೇಲಿರೋದು ಹೆಣ್ಣಾ ಅಂತ ಕದ್ದು ನೋಡೋದು.

ಆದ್ರೆ ಈ ಲೆಕ್ಕದಿಂದಲೇ ಎಲ್ಲಾ ವಿವರಿಸೋಕೂ ಆಗಲ್ಲ. ಸಾವಿರಕ್ಕೆ 946 ಅಂದ್ರೆ ಐವತ್ತು ಚಿಲ್ಲರೆ ವ್ಯತ್ಯಾಸ. ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪ ಕಡೆ ಒಂದೊಂದು ಕೇರಿಗೆ ನಾಲ್ಕೈದು ಜನ ಮದುವೆಯಿಲ್ಲದೆ ಇರೋದಕ್ಕೆ ಅದು ಸಾಕಾಗಲ್ಲ. ಆ ಕೇರಿಯ ಹುಡುಗೀರು ಎಲ್ಲೂ ಮಾಯ ಆಗಿಲ್ಲ. ಓದಿದ್ರು, ಬೆಂಗಳೂರಿಗೆ ಹೋದ್ರು, ಪಿಜಿಗಳಲ್ಲಿದ್ದಾರೆ, ಬೆಳಿಗ್ಗೆ ಏಳಕ್ಕೆ ಆಫೀಸ್ ಕ್ಯಾಬ್ ಹತ್ತುತಾರೆ. ಅವರು ಬಿಟ್ಟು ಬಂದಿದ್ದು ಊರನ್ನಲ್ಲ, ಅಮ್ಮ ಬದುಕಿದ ಬದುಕನ್ನ.

*

ಈಗ 'ಹೊಂದಾಣಿಕೆ' ವಿಷಯಕ್ಕೆ ಬರೋಣ. ಎಲ್ಲರ ಬಾಯಲ್ಲೂ ಇರೋ ಪದ. ನಮಗೆ ಹೊಂದುವ ಸಂಗಾತಿ ಬೇಕು. ಹೊಂದೋದು ಅಂದ್ರೆ ಏನು ಅಂತ ನಾವು ಯಾವ ಅಳತೆಗೋಲಲ್ಲಿ ನೋಡ್ತೀವಿ?

ಹಳೇ ಅಳತೆಗೋಲು ಸಾಲಾವಳಿ. ವರ್ಣ 1, ವಶ್ಯ 2, ತಾರೆ 3, ಯೋನಿ 4, ಗ್ರಹಮೈತ್ರಿ 5, ಗಣ 6, ರಾಶಿ 7, ನಾಡಿ 8. ಒಟ್ಟು 36 ಗುಣ. 18 ಬಂದ್ರೆ ಪಾಸು. ನಮ್ಮ ಯೂನಿವರ್ಸಿಟಿಗಳ ಪಾಸ್ ಮಾರ್ಕಿಗಿಂತ ವಾಸಿ ಅನ್ನಿ. ಇದನ್ನ ನಂಬಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಇವತ್ತು ಬರಲ್ಲ. ಒಳಗಿರೋ ಪಕ್ಷಪಾತ ಮಾತ್ರ ನೋಡಿ. ವರ್ಣಕೂಟದಲ್ಲಿ ಅಂಕ ಸಿಗಬೇಕಾದ್ರೆ ವರನ ವರ್ಣ ವಧುವಿನದ್ದಕ್ಕೆ ಸಮ ಅಥವಾ ಮೇಲಿರಬೇಕು. ಅವಳದ್ದು ಮೇಲಿದ್ರೆ ಸೊನ್ನೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗಲ್ಲ, ಆಶ್ಲೇಷಾ ಅತ್ತೆಗಾಗಲ್ಲ, ಜ್ಯೇಷ್ಠಾ ಭಾವನಿಗಾಗಲ್ಲ, ವಿಶಾಖಾ ಮೈದುನನಿಗಾಗಲ್ಲ. ಮದುವೆ ಗಂಡನ ಜೊತೆ, ಪರೀಕ್ಷೆ ಇಡೀ ಮನೆಯವರ ಜೊತೆ! ಹುಡುಗನ ನಕ್ಷತ್ರದಿಂದ ಹುಡುಗಿಯ ಅಪ್ಪನಿಗೆ ಕಂಟಕ ಅಂತ ಸಂಬಂಧ ಮುರಿದಿದ್ದನ್ನ ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಹೊಸ ಅಳತೆಗೋಲು ಮ್ಯಾಟ್ರಿಮೊನಿ ಸೈಟು. ತೊಂಬತ್ತರ ದಶಕದ ಕೊನೆಗೆ ಇವು ಬಂದಾಗ, ಇನ್ನು ಹುಡುಗ-ಹುಡುಗಿ ತಾವೇ ಮಾತಾಡ್ಕೊಂಡು ಆರಿಸ್ಕೋತಾರೆ ಅಂತ ಅನ್ನಿಸಿತ್ತು. ಆಗಿದ್ದೇನು? ಜಾತಿ, ಒಳಪಂಗಡ, ಗೋತ್ರ, ಎತ್ತರ, ಬಣ್ಣ, ಸಂಬಳ... ಬ್ರೋಕರ್ ಚೀಲದಲ್ಲಿದ್ದ ಚೀಟಿಗಳೆಲ್ಲಾ ಡ್ರಾಪ್‌ಡೌನ್ ಆಗಿ ಕೂತವು. ಹುಡುಗ ಸಾಫ್ಟ್‌ವೇರ್‌ನಲ್ಲಿ ಪರಿಣಿತ, ಪ್ರೊಫೈಲು ನಡೆಸೋದು ಅವರಪ್ಪ. ಬೇಡಿಕೆ ಕಾಲಮ್ಮಿನಲ್ಲಿ ಮಾತ್ರ ನಲವತ್ತು ವರ್ಷದ ಹಿಂದಿನ ಪೇಪರ್ ಜಾಹೀರಾತಿನ ಅದೇ ಮಾತು: ಹೋಮ್ಲಿ, ಹೊಂದಿಕೊಂಡು ಹೋಗುವ ಗುಣದ, ಕೆಲಸದಲ್ಲಿರುವ ಕನ್ಯೆ ಬೇಕು.

'ಹೊಂದುವ' ಅಲ್ಲ, 'ಹೊಂದಿಕೊಂಡು ಹೋಗುವ'! ಎರಡಕ್ಕೂ ಆನೆ-ಆಡಿನಷ್ಟು ವ್ಯತ್ಯಾಸ ಇದೆ. ಹೊಂದೋದು ಅಂದ್ರೆ ಇಬ್ಬರೂ ಒಂದೊಂದು ಹೆಜ್ಜೆ ಸರಿಯೋದು. ಹೊಂದಿಕೊಂಡು ಹೋಗೋದು ಅಂದ್ರೆ ಒಬ್ಬರು ಕೂತಲ್ಲೇ ಕೂತಿರ್ತಾರೆ, ಇನ್ನೊಬ್ಬರು ಮಡಿಸ್ಕೊಂಡು ಉಳಿದ ಜಾಗದಲ್ಲಿ ಸೇರ್ಕೋಬೇಕು. ಕೆಂಪು ಬಸ್ಸಿನ ಮೂರು ಜನರ ಸೀಟಲ್ಲಿ ನಾಲ್ಕನೆಯವರು ಕೂರೋ ಹಾಗೆ.

*

ಹಾಗಾದ್ರೆ ಆ ಪ್ಲಾನಲ್ಲಿ ಏನಿದೆ? ಎರಡು ನಮೂನೆ ಹೇಳ್ತೀನಿ.

ಮೊದಲನೇದು ಊರಿನದ್ದು. ಅಡಿಕೆ ತೋಟ ನಾಲ್ಕೆಕರೆ, ಹೆಂಚಿನ ಮನೆ, ಕೊಟ್ಟಿಗೆ, ಒಬ್ಬನೇ ಮಗ. ಕೇಳೋಕೆ ಚೆನ್ನಾಗಿದೆ. ಪಹಣಿ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲಿ. ಕೆಲವು ಕಡೆ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಸೊಸೈಟಿ ಪಾಸ್‌ಬುಕ್ಕು? ಅಪ್ಪಂದು. ಮಗನಿಗೆ ಸಂಬಳ ಇಲ್ಲ, ಪೇಟೆಗೆ ಹೋಗುವಾಗ ಪೆಟ್ರೋಲಿಗೆ ಕೇಳಿ ಇಸ್ಕೋಬೇಕು. ಅಡುಗೆಮನೆ ಅಮ್ಮನ ಸುಪರ್ದಿ, ಸಾರಿಗೆ ಹುಳಿ ಎಷ್ಟು ಅಂತ ಅವರೇ ಹೇಳಬೇಕು. ಕೊನೆ ಕೊಯ್ಲಿನ ಕಾಲಕ್ಕೆ ಆಳುಗಳಿಗೆ ತಿಂಡಿ, ಊಟ, ಎರಡು ಹೊತ್ತಿನ ಚಾ ಯಾರು ಮಾಡಬೇಕು? ಬರೋಳು. ಅವಳು ಎಂ.ಎಸ್ಸಿ. ಮಾಡಿದ್ದಾಳೆ. ಅದಕ್ಕೇನಂತೆ, ಮಕ್ಕಳಿಗೆ ಹೋಮ್‌ವರ್ಕ್ ಹೇಳ್ಕೊಡೋಕೆ ಅನುಕೂಲ.

ಇಲ್ಲಿ ಅವಳ ಪಾಲಿಗೆ ಏನು ಬರುತ್ತೆ? ಗಂಡ ಬದುಕಿರುವಾಗ ಅವನ ಜಮೀನಿನಲ್ಲಿ ಹೆಂಡತಿಗೆ ಪಾಲಿಲ್ಲ, ಕಾನೂನು ಕೊಡೋದು ಜೀವನಾಂಶದ ಹಕ್ಕು ಮಾತ್ರ. ತವರಿನಲ್ಲಿ? ಮಗಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಕೊಡೋ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲಾ 2005ರಲ್ಲಿ ಬಂತು. 2005ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ರೂ ಮಗಳ ಹಕ್ಕು ಹೋಗಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳ್ತು. ಆದ್ರೆ ನಮ್ಮಲ್ಲಿ ಎಷ್ಟೋ ಮನೇಲಿ "ಅಣ್ಣನ ಹತ್ರ ಜಗಳ ಯಾಕೆ, ತವರು ಬಾಗಿಲು ಮುಚ್ಚುತ್ತೆ" ಅಂತ ಹೇಳಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸ್ಕೋತಾರೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇಂಥ ಪ್ಲಾನಿಗೆ ಹುಡುಗಿ ಬೇಡ ಅಂದ್ರೆ ಅವಳಿಗೆ ದುರಾಸೆ!

ಎರಡನೇ ನಮೂನೆ ಇನ್ನೂ ಹತ್ತಿರದ್ದು, ನಮ್ಮದೇ. ಬೆಂಗಳೂರಲ್ಲಿ ಕೋಡ್ ಬರೀತಾ, ರಾತ್ರಿ ಕೂತು ಬ್ಲಾಗ್ ಬರೆಯೋ ನಮ್ಮಂಥವರ 'ಆದರ್ಶ ಬದುಕು'. ನಲವತ್ತೈದಕ್ಕೆ ಕೆಲಸಕ್ಕೆ ರಾಜೀನಾಮೆ. ಊರ ಹತ್ರ ಎರಡೆಕರೆ. ಮಣ್ಣಿನ ಮನೆ, ನಾಲ್ಕು ಮಲೆನಾಡು ಗಿಡ್ಡ ಹಸು, ಜಗಲಿ ಮೇಲೆ ಪುಸ್ತಕ, ಹೊರಗೆ ಜಿಟಿಜಿಟಿ ಮಳೆ, ಕೈಯಲ್ಲಿ ಬಿಸಿ ಕಾಫಿ... ಆಹಾ! ಇಂಥ ಪೋಸ್ಟುಗಳನ್ನ ಎಷ್ಟು ಓದಿದ್ದೀವಿ, ಎಷ್ಟಕ್ಕೆ "ಸೂಪರ್ ಗುರು" ಅಂತ ಕಾಮೆಂಟ್ ಹಾಕಿದ್ದೀವಿ. ಒಂದೇ ಪ್ರಶ್ನೆ. ಆ ಕಾಫಿ ಮಾಡಿ ತಂದವರು ಯಾರು? ಬೆಳಿಗ್ಗೆ ಐದಕ್ಕೆ ಸಗಣಿ ಬಾಚಿದವರು ಯಾರು? ವೀಕೆಂಡಿಗೆ ಬೆಂಗಳೂರಿಂದ ಕಾರು ತುಂಬಾ ಬಂದ ಗೆಳೆಯರಿಗೆ ನೀರುದೋಸೆ ಹುಯ್ದವರು ಯಾರು? ಕನಸಿನ ಚಿತ್ರದಲ್ಲಿ ಹಸುವಿಗೆ ಹೆಸರಿದೆ, ನಾಯಿಗೂ ಇದೆ. ಅವಳಿಗೆ ಮಾತ್ರ ಇಲ್ಲ.

ಸುಮ್ಮನೆ ಹೇಳ್ತಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸ್ತು. ಸಂಬಳವಿಲ್ಲದ ಮನೆಗೆಲಸ ಮಾಡೋರು ಹೆಂಗಸರಲ್ಲಿ 81.2 ಶೇಕಡಾ, ಗಂಡಸರಲ್ಲಿ 26.1 ಶೇಕಡಾ. ಹಾಗೆ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. 299 ನಿಮಿಷ ಅಂದ್ರೆ ಹತ್ತಿರತ್ತಿರ ಐದು ಗಂಟೆ, ಭಾನುವಾರ ಹಬ್ಬ ರಜೆ ಏನೂ ಇಲ್ಲದೆ. ಬದುಕಿನ 'ಡಿಸೈನ್' ಬಗ್ಗೆ ಮಾತಾಡೋರು ಮೊದಲು ಈ ಐದು ಗಂಟೆಯ ಡಿಸೈನ್ ಹೇಳಲಿ.

*

ತೋಟದ ಕನಸಿನ ವಿಷಯ ಬಂದ್ರೆ ನಾವೆಲ್ಲಾ ಕೈ ಮಾಡಿ ತೋರಿಸೋದು ಒಬ್ಬರನ್ನೇ, ಪೂರ್ಣಚಂದ್ರ ತೇಜಸ್ವಿ. ಮೈಸೂರು, ಅಪ್ಪನ ಹೆಸರಿನ ನೆರಳು ಎಲ್ಲಾ ಬಿಟ್ಟು ಮೂಡಿಗೆರೆಗೆ ಹೋಗಿ ಕಾಫಿ ಬೆಳೆದು, ಮೀನು ಹಿಡಿದು, ಹಕ್ಕಿ ಫೋಟೋ ತೆಗೆದು, ತಮಗೆ ಬೇಕಾದ್ದನ್ನ ಬರೆದರು. ನಮ್ಮ ತಲೆಮಾರಿನ ಅರ್ಧ ಕನ್ನಡ ಹುಡುಗರ ಆದರ್ಶ ಬದುಕಿನ ನಕ್ಷೆ ಅಲ್ಲಿಂದಲೇ ಕಾಪಿ ಆಗಿರೋದು.

ಆದ್ರೆ ಕಾಪಿ ಮಾಡುವಾಗ ನಾವು ಅರ್ಧ ಹಾಳೆ ಹರಿದು ಬಿಟ್ಟಿದ್ದೀವಿ. ಆ ಅರ್ಧದ ಹೆಸರು ರಾಜೇಶ್ವರಿ. ಬೆಂಗಳೂರಿನ ಹುಡುಗಿ, ಮೈಸೂರಿನಲ್ಲಿ ತತ್ವಶಾಸ್ತ್ರ ಎಂ.ಎ. ಓದಿದವರು. ಇಬ್ಬರಿಗೂ ವಿಶ್ವವಿದ್ಯಾಲಯದ ದಿನದಿಂದಲೇ ಪರಿಚಯ, ಜಾತಕ ಕೂಡಿಸಿದ ಸಂಬಂಧ ಅಲ್ಲ. 1966ರಲ್ಲಿ ಮೂಡಿಗೆರೆಯ ಚಿತ್ರಕೂಟ ತೋಟದಲ್ಲಿ ಮದುವೆ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಕುವೆಂಪು ಮಗನ ಮದುವೆಗೆಂದು ರೂಪಿಸಿದ ಆ ವಿಧಾನವೇ ಆಮೇಲೆ 'ಮಂತ್ರ ಮಾಂಗಲ್ಯ' ಅಂತ ನಾಡಿಗೆಲ್ಲಾ ಹಬ್ಬಿತು. ತೇಜಸ್ವಿ 2007ರಲ್ಲಿ ತೀರಿಕೊಂಡ ಮೇಲೆ ರಾಜೇಶ್ವರಿ 'ನನ್ನ ತೇಜಸ್ವಿ' ಬರೆದರು. 2021ರಲ್ಲಿ ಅವರೂ ಹೋದರು.

ಆ ಪುಸ್ತಕ ಓದಿದವರಿಗೆ ಗೊತ್ತು, ಆ ಬದುಕು ಒಬ್ಬ ಗಂಡಸು ಒಬ್ಬನೇ ಕೂತು ಬರೆದ ಪ್ಲಾನ್ ಅಲ್ಲ. ಎಲ್ಲಿಗೆ ಹೋಗ್ತಿದ್ದೀನಿ, ಯಾರ ಜೊತೆ ಹೋಗ್ತಿದ್ದೀನಿ ಅಂತ ಗೊತ್ತಿದ್ದು ಆರಿಸಿಕೊಂಡ ಹೆಣ್ಣೊಬ್ಬಳ ನಿರ್ಧಾರವೂ ಅದರಲ್ಲಿ ಸಮಸಮ ಇತ್ತು. ನಮಗೆ ಬೇಕಾಗಿರೋದು ತೇಜಸ್ವಿಯ ತೋಟ, ತೇಜಸ್ವಿಯ ಕ್ಯಾಮೆರಾ, ತೇಜಸ್ವಿಯ ಸ್ಕೂಟರು. ಜೊತೆಗೆ ಅಮ್ಮ ಹುಡುಕಿಕೊಟ್ಟ, ಎರಡು ಸಲ ಫೋನಲ್ಲಿ ಮಾತಾಡಿದ, ಹೇಳಿದ್ದಕ್ಕೆಲ್ಲಾ ಹೂಂ ಅನ್ನೋ ಹುಡುಗಿ. ಆಗೋ ಹೋಗೋ ಮಾತಾ ಇದು?

*

ಈಗ ನಿಮ್ಮ ಆಕ್ಷೇಪಣೆಗಳು. ನಂಗೊತ್ತು, ಕೈ ತುರಿಸ್ತಿದೆ.

"ಹುಡುಗೀರೇನು ಕಮ್ಮಿ ಷರತ್ತು ಹಾಕ್ತಾರಾ?" ಹಾಕ್ತಾರೆ. ಬೆಂಗಳೂರಲ್ಲಿ ಸ್ವಂತ ಫ್ಲ್ಯಾಟು, ಕಾರು, ಇಷ್ಟು ಪ್ಯಾಕೇಜು, ಅತ್ತೆ-ಮಾವ ಊರಲ್ಲೇ ಇರಬೇಕು. ಅದೂ ಇದೇ ರೋಗ ಕಣ್ರೀ. ಅಲ್ಲೂ ನಕ್ಷೆ ಮೊದಲೇ ರೆಡಿ, ಒಳಗೆ ಕೂರಿಸೋಕೆ ಒಬ್ಬ ಇಎಂಐ ಕಟ್ಟೋನು ಬೇಕು. ಅದನ್ನೂ ನಾನು ಸಮರ್ಥಿಸಲ್ಲ. ಆದ್ರೆ ಷರತ್ತು ಹಾಕೋದೇ ಸೊಕ್ಕು ಅಂತೀರಲ್ಲ, ಅದಕ್ಕೆ ನನ್ನ ತಕರಾರು. ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯ ಕಥೆ ಹೇಳುವ ಹರಿಹರ, ಅವಳು ಕೌಶಿಕನಿಗೆ ಷರತ್ತು ಹಾಕಿದ್ದನ್ನೂ, ಅವನು ಮುರಿದಾಗ ಅವಳು ಅರಮನೆ ಬಿಟ್ಟು ಹೊರಟಿದ್ದನ್ನೂ ಹೇಳ್ತಾನೆ. ಅವಳ ಫೋಟೋಗೆ ಹೂ ಹಾಕ್ತೀವಿ, ಪಕ್ಕದ ಮನೆ ಹುಡುಗಿ "ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀನಿ" ಅಂದ್ರೆ ಬಾಯಿಬಡ್ಕೋತೀವಿ.

"ರೈತನ ಮಗ ಏನು ಪಾಪ ಮಾಡಿದ?" ಅವನು ಪಾಪ ಮಾಡಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ, ಮರುಕ ಇದೆ. ಯಾಕಂದ್ರೆ ಆ ಪ್ಲಾನು ಅವನದ್ದೂ ಅಲ್ಲ, ಅವನಜ್ಜಂದು. ಮೂವತ್ತೈದು ವರ್ಷದ ಗಂಡಸಿಗೆ ತನ್ನ ಹೆಸರಲ್ಲಿ ಒಂದು ಗುಂಟೆ ಇಲ್ಲ, ಯಾವ ಬೆಳೆ ಇಡಬೇಕು ಅಂತ ಹೇಳೋ ಅಧಿಕಾರ ಇಲ್ಲ, ಬೇರೆ ಒಲೆ ಹೂಡ್ತೀನಿ ಅಂದ್ರೆ ಅಮ್ಮ ಊಟ ಬಿಡ್ತಾಳೆ. ಅವನೇ ಆ ಮನೇಲಿ ಹೊಂದಿಕೊಂಡು ಹೋಗ್ತಿರೋನು. ತನ್ನ ಬದುಕಿನ ಮೇಲೆ ತನಗೇ ಹಿಡಿತ ಇಲ್ಲದೋನು ಇನ್ನೊಬ್ಬಳಿಗೆ ಏನು ಭರವಸೆ ಕೊಡ್ತಾನೆ? ಪಾದಯಾತ್ರೆ ಹೋಗಬೇಕಾಗಿದ್ದು ಬೆಟ್ಟಕ್ಕಲ್ಲ, ಮನೆ ಪಡಸಾಲೆಗೆ, ಅಲ್ಲಿಂದ ಅಪ್ಪನ್ನ ಕರ್ಕೊಂಡು ತಾಲ್ಲೂಕು ಕಚೇರಿಗೆ.

"ಹಾಗಾದ್ರೆ ಅಪ್ಪ-ಅಮ್ಮನ್ನ ಬೀದಿಗೆ ಬಿಡೋದಾ?" ಹಾಗೆ ಯಾರೂ ಹೇಳಿಲ್ಲ. ಅವರನ್ನ ನೋಡ್ಕೊಳ್ಳೋದು ಮಗನ ಕೆಲಸ. ಅದನ್ನ ಮದುವೆ ಮಾಡ್ಕೊಂಡು ಹೆಂಡತಿಗೆ ಔಟ್‌ಸೋರ್ಸ್ ಮಾಡಬೇಡಿ ಅಂತಷ್ಟೇ.

*

ಬರೀ ಬೈದು ಮುಗಿಸಿದ್ರೆ ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಬಿಲ್ ಬರ್ನೆಟ್, ಡೇವ್ ಇವಾನ್ಸ್ ಅಂತ ಇಬ್ಬರು ಬದುಕನ್ನ ಡಿಸೈನ್ ಮಾಡೋದರ ಬಗ್ಗೆ 2016ರಲ್ಲಿ ಒಂದು ಪುಸ್ತಕ ತಂದ್ರು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಅಭ್ಯಾಸ. ಮುಂದಿನ ಐದು ವರ್ಷಕ್ಕೆ ಒಂದಲ್ಲ, ಒಂದಕ್ಕೊಂದು ಬೇರೆಯಾದ ಮೂರು ಪ್ಲಾನ್ ಬರೀರಿ ಅಂತಾರೆ. ಒಂದೇ ಸರಿಯಾದ ಬದುಕು ಅನ್ನೋದಿಲ್ಲ, ಚೆನ್ನಾಗಿರಬಹುದಾದ ಬದುಕು ಹಲವಿರುತ್ತೆ ಅನ್ನೋದು ಅವರ ತರ್ಕ. ಇದನ್ನ ಹೆಣ್ಣು ನೋಡೋ ಶಾಸ್ತ್ರಕ್ಕೆ ತನ್ನಿ. ಉಪ್ಪಿಟ್ಟು-ಕೇಸರಿಬಾತ್ ಪಕ್ಕಕ್ಕಿಟ್ಟು ಇಬ್ಬರೂ ಮೂರು ಮೂರು ಪ್ಲಾನ್ ಬರ್ಕೊಂಡು ಬನ್ನಿ. ಆರರಲ್ಲಿ ಎರಡಾದ್ರೂ ಒಂದಕ್ಕೊಂದು ತಾಕಿದ್ರೆ ಅದನ್ನ ಹೊಂದಾಣಿಕೆ ಅನ್ನಿ. 36 ಗುಣಕ್ಕಿಂತ ಅದು ಗಟ್ಟಿ.

ಪ್ಲಾನ್ ಬರೆಯೋಕೆ ಬರಲ್ಲ ಅನ್ನೋರು ಈ ಐದು ಪ್ರಶ್ನೆಗೆ ಮದುವೆಗೆ ಮುಂಚೆ ಬಾಯಿಬಿಟ್ಟು ಉತ್ತರ ಹೇಳಿ, ಸಾಕು.

1. ನಾವಿರೋ ಮನೆ, ಜಮೀನು, ಸೈಟು ಯಾರ ಹೆಸರಲ್ಲಿದೆ? ನಿನ್ನ ಹೆಸರು ಅದರಲ್ಲಿ ಯಾವಾಗ ಬರುತ್ತೆ?
2. ಆ ಐದು ಗಂಟೆ ಮನೆಗೆಲಸದಲ್ಲಿ ನನ್ನ ಪಾಲು ಯಾವುದು? 'ಹೆಲ್ಪ್ ಮಾಡ್ತೀನಿ' ಅನ್ನೋದು ಉತ್ತರ ಅಲ್ಲ.
3. ಇಬ್ಬರಲ್ಲಿ ಒಬ್ಬರು ಊರು ಅಥವಾ ಕೆಲಸ ಬಿಡಬೇಕಾಗಿ ಬಂದ್ರೆ ಯಾರು ಬಿಡಬೇಕು ಅಂತ ಹೇಗೆ ತೀರ್ಮಾನ ಮಾಡ್ತೀವಿ?
4. ನಿನ್ನ ಅಪ್ಪ-ಅಮ್ಮನಿಗೆ ಹುಷಾರಿಲ್ಲದಾಗ ಅವರು ನಮ್ಮ ಮನೇಲಿ ಬಂದು ಇರಬಹುದಾ?
5. ಮಗು ಬೇಕಾ, ಯಾವಾಗ ಬೇಕು, ಹೆಣ್ಣಾದ್ರೆ ಅಷ್ಟೇ ಖುಷಿನಾ?

ಈ ಪ್ರಶ್ನೆಗೆ ಮುಖ ಗಂಟು ಹಾಕ್ಕೊಂಡು ಎದ್ದು ಹೋಗೋ ಸಂಬಂಧ ಹೋಗ್ಲಿ ಬಿಡಿ. ಛತ್ರ ಬುಕ್ ಮಾಡೋಕೆ ಮುಂಚೆನೇ ಹೋಯ್ತು ಅಂತ ಸಮಾಧಾನ ಮಾಡ್ಕೊಳ್ಳಿ.

ಸಂಗಾತಿ ಸಿಕ್ಕ ಮೇಲೆ ಬದುಕಿನ ನಕ್ಷೆ ಬರೆಯೋಣ ಅನ್ನೋದು ಒಂದು ದಾರಿ. ನಕ್ಷೆ ಬರೆದು, ಅದರಲ್ಲಿ ಇನ್ನೊಬ್ಬರಿಗೆ ಅಳಿಸಿ ಬರೆಯೋಕೆ ಜಾಗ, ಕೈಗೆ ಪೆನ್ಸಿಲ್ಲು ಕೊಡೋದು ಇನ್ನೊಂದು ದಾರಿ. ಎರಡೂ ಒಳ್ಳೇದೇ. ಮನೆ ಪೂರ್ತಿ ಕಟ್ಟಿ, ಬಣ್ಣ ಬಳಿದು, ಸಾಮಾನು ಜೋಡಿಸಿ, ಕೊನೇಲಿ "ಒಬ್ಬಳು ಹೆಂಡತಿ ಬಾಕಿ" ಅಂತ ಪಟ್ಟಿ ಹಿಡ್ಕೊಂಡು ಹೊರಡ್ತೀವಲ್ಲ, ಆ ದಾರಿ ಮುಚ್ಚಿದೆ. ಮುಚ್ಚಿದ್ದು ಒಳ್ಳೇದಾಯ್ತು ಅನ್ನೋದು ನನ್ನ ಅಭಿಪ್ರಾಯ.

ನಿಮಗೇನನ್ಸುತ್ತೆ? ಒಪ್ಪದಿದ್ರೆ ಬನ್ನಿ, ಜಗಳ ಆಡೋಣ. ಆದ್ರೆ ಮೊದಲು ಆ ಎರಡನೇ ಪ್ರಶ್ನೆಗೆ ಉತ್ತರ ಬರೆದು, ಆಮೇಲೆ ಬೈಯಿರಿ.